‘ನೋಡೋಣ ಬುದ್ಧಿ’ ಅಂದವನ ಓಟು

ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ, ಟಿ.ವಿ.ಗಳಲ್ಲಿ ಒಂದು ಹೊಸ ಜಾತಿ ಹುಟ್ಟಿಕೊಳ್ಳುತ್ತದೆ. ಅದರ ಹೆಸರು ‘ಇನ್ನೂ ತೀರ್ಮಾನ ಮಾಡದ ಮತದಾರರು’. ಸಮೀಕ್ಷೆ ಮಾಡುವವರು ನೂರಕ್ಕೆ ಇಷ್ಟು ಜನ ಆ ಪಕ್ಷ, ಇಷ್ಟು ಜನ ಈ ಪಕ್ಷ ಅಂತ ಲೆಕ್ಕ ಹಾಕಿ, ಕೊನೆಗೆ ಉಳಿದವರನ್ನೆಲ್ಲ ಈ ಹೆಸರಿನ ಚೀಲಕ್ಕೆ ತುಂಬುತ್ತಾರೆ. ಗೆಲುವು ಸೋಲು ಇವರ ಕೈಯಲ್ಲೇ ಇದೆ ಅಂತಲೂ ಹೇಳುತ್ತಾರೆ.

ಆದರೆ ಈ ಚೀಲದೊಳಗೂ ಮೇಲು ಕೀಳು ಇದೆ. ಪಟ್ಟಣದ ಬಡಾವಣೆಯಲ್ಲಿ ಕೂತ ಸಂಬಳದವನು ‘ಇನ್ನೂ ಯೋಚನೆ ಮಾಡ್ತಾ ಇದ್ದೇನೆ’ ಅಂದರೆ ಅವನು ಪ್ರಜ್ಞಾವಂತ. ಎಲ್ಲವನ್ನೂ ತೂಗಿ ನೋಡುವವನು. ಅದೇ ಮಾತನ್ನು ಹೊಲಗೇರಿಯ ಇಲ್ಲವೇ ಮಾದಿಗರ ಹಟ್ಟಿಯ ಕೂಲಿಯವನು ‘ನೋಡೋಣ ಬುದ್ಧಿ, ಇನ್ನೂ ಏನೂ ಗ್ಯಾನ ಮಾಡಿಲ್ಲ’ ಅಂತ ಹೇಳಿದರೆ ಅವನು ದುಡ್ಡಿಗೆ ಕಾಯ್ತಾ ಕೂತವನು. ಒಬ್ಬನ ಅನುಮಾನ ವಿವೇಕ, ಇನ್ನೊಬ್ಬನ ಅನುಮಾನ ವ್ಯಾಪಾರ. ಒಂದೇ ಮಾತು, ಆಡಿದ ಬಾಯಿಯ ಜಾತಿ ನೋಡಿ ಅರ್ಥ ಬದಲಾಯಿಸಿಕೊಳ್ಳುತ್ತದೆ.

ಈ ತೀರ್ಪು ಕೊಡುವವರು ಯಾರು? ತಾವು ಹಾಕಿದ ಓಟಿನಿಂದಾಗಿ ನಾಳೆಯ ಕೂಲಿ ತಪ್ಪೀತು ಅಂತ ಬದುಕಿನಲ್ಲಿ ಒಂದು ದಿನವೂ ಹೆದರದವರು. ಆದ್ದರಿಂದ ಗೆಳೆಯರೆ, ‘ನೋಡೋಣ ಬುದ್ಧಿ’ ಅನ್ನುವ ಈ ಮಾತನ್ನು ನಾವೇ ಒಳಗಿನಿಂದ ನೋಡಬೇಕಾಗಿದೆ. ತೀರ್ಮಾನವಾಗದ ಮನಸ್ಸು ಕೊನೆಗೆ ಹೇಗೆ ತೀರ್ಮಾನಕ್ಕೆ ಬರುತ್ತದೆ? ಆ ತೀರ್ಮಾನದಲ್ಲಿ ನ್ಯಾಯ ಎಷ್ಟು, ಋಣ ಎಷ್ಟು? ಕೇಳಲೇಬೇಕಾದ ಪ್ರಶ್ನೆ ಇದು.

ಮೊದಲು, ಈ ಮಾತನ್ನು ಯಾರಿಗೆ ಹೇಳಿದ್ದು ಅನ್ನುವುದನ್ನು ನೋಡಿ. ಹಗಲು ಹೊತ್ತು, ನಾಲ್ಕು ಜನರ ಎದುರು, ಇಸ್ತ್ರಿ ಶರಟು ಹಾಕಿಕೊಂಡು ಬಂದವನೊಬ್ಬ ‘ಯಾರಿಗೆ ಹಾಕ್ತೀಯ?’ ಅಂತ ಕೇಳುತ್ತಾನೆ. ಕೇಳಿದವನು ಸಮೀಕ್ಷೆಯವನೋ, ಪಾರ್ಟಿಯವನೋ, ಗೌಡರ ಕಡೆಯವನೋ ಗೊತ್ತಿಲ್ಲ. ಕೇಳಿಸಿಕೊಂಡವನಿಗೆ ಗೌಡರ ತೋಟದಲ್ಲಿ ಕೆಲಸ, ಅವರ ಹತ್ತಿರವೇ ಕೈಸಾಲ, ದನಕ್ಕೆ ಹುಲ್ಲು ಕೊಯ್ಯುವುದೂ ಅವರ ಬದುವಿನಲ್ಲೇ. ಅವನು ಇನ್ನೇನು ಹೇಳಬೇಕು? ಅಲ್ಲಿ ‘ನೋಡೋಣ ಬುದ್ಧಿ’ ಅನ್ನುವುದು ಬಾಗಿಲು ಹಾಕಿಕೊಳ್ಳುವ ಸದ್ದು. ಒಳಗೆ ಅವನು ಯಾವತ್ತೋ ತೀರ್ಮಾನ ಮಾಡಿರಬಹುದು. ಸಮೀಕ್ಷೆಯವನು ‘ತೀರ್ಮಾನವಿಲ್ಲ’ ಅಂತ ಬರೆದುಕೊಂಡು ಹೋಗುತ್ತಾನೆ. ಅವನು ಬರೆದುಕೊಂಡದ್ದು ಭಯವನ್ನು. ಹೆಸರು ಮಾತ್ರ ಬೇರೆ.

ಇನ್ನೊಂದು ಬಗೆಯವರಿದ್ದಾರೆ. ಇವರು ನಿಜವಾಗಿಯೂ ಎರಡು ಕಡೆಯ ಎಳೆತಕ್ಕೆ ಸಿಕ್ಕವರು. ಅಮೆರಿಕದಲ್ಲಿ 1940ರ ಅಧ್ಯಕ್ಷ ಚುನಾವಣೆಯ ಹೊತ್ತಿನಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಎಂಬ ಕೌಂಟಿಯಲ್ಲಿ ಅದೇ ಜನರನ್ನು ತಿಂಗಳು ತಿಂಗಳೂ ಮಾತಾಡಿಸಿ ನೋಡಿದರು. ಕೊನೇ ಗಳಿಗೆಯವರೆಗೂ ತೀರ್ಮಾನ ಮಾಡದೆ ಉಳಿದವರಲ್ಲಿ ಅವರಿಗೆ ಎರಡು ಸಂಗತಿ ಕಂಡವು. ಒಂದು, ಚುನಾವಣೆಯ ಬಗ್ಗೆ ಆಸಕ್ತಿ ಕಡಿಮೆ. ಇನ್ನೊಂದು, ಇವರನ್ನು ಧರ್ಮ ಒಂದು ಪಕ್ಷದ ಕಡೆ ಎಳೆದರೆ ಬದುಕಿನ ಸ್ಥಿತಿ ಮತ್ತೊಂದರ ಕಡೆ ಎಳೆಯುತ್ತಿತ್ತು. ರೇಡಿಯೋ ಪತ್ರಿಕೆಗಳಿಗಿಂತ ಪಕ್ಕದವರ ಮಾತೇ ಮನಸ್ಸನ್ನು ಹೆಚ್ಚು ತಿರುಗಿಸುತ್ತಿತ್ತು ಅಂತಲೂ ಅವರು ಕಂಡುಕೊಂಡರು.

ಎಳೆತದ ಮಾತು ನಮಗೆ ಚೆನ್ನಾಗಿ ಒಪ್ಪುತ್ತದೆ. ಕೂಲಿ ಕೊಡುವವನದ್ದು ಒಂದು ಪಕ್ಷ, ಬೀಗರದ್ದು ಇನ್ನೊಂದು, ಸಂಘದ ಹುಡುಗರದ್ದು ಮತ್ತೊಂದು, ಹೆಂಡತಿ ಸೇರಿರುವ ಸ್ತ್ರೀಶಕ್ತಿ ಗುಂಪಿನದ್ದು ಬೇರೊಂದು. ಆದರೆ ಆಸಕ್ತಿ ಕಡಿಮೆ ಅನ್ನುವುದು ನಮ್ಮ ಹಳ್ಳಿಗಳಿಗೆ ಒಪ್ಪುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. 73 ದಾಟಿತು, ಬೆಂಗಳೂರು ನಗರ ಶೇ. 60ನ್ನೂ ಮುಟ್ಟಲಿಲ್ಲ. ಬಿಸಿಲಲ್ಲಿ ಸಾಲು ನಿಂತವರು ಯಾರು, ಮನೆಯಲ್ಲಿ ಫ್ಯಾನಿನಡಿ ಕೂತು ಪ್ರಜಾಪ್ರಭುತ್ವ ಕೆಟ್ಟಿತು ಅಂದವರು ಯಾರು, ಈ ಅಂಕಿಯೇ ಹೇಳುತ್ತದೆ.

ಮೂರನೆಯ ಬಗೆಯವರು, ಯಾರಲ್ಲೂ ವ್ಯತ್ಯಾಸ ಕಾಣದವರು. ‘ಅವರೂ ಬಂದಿದ್ರು, ಇವರೂ ಬಂದಿದ್ರು. ಸುಡುಗಾಡಿಗೆ ದಾರಿ ಯಾರೂ ಬಿಡಿಸಿಕೊಡಲಿಲ್ಲ’ ಅನ್ನುವವರು. ಇದನ್ನು ಅಜ್ಞಾನ ಅಂತ ಕರೆಯುವ ಧೈರ್ಯ ಯಾರಿಗಿದೆ? ಕೇರಿಯ ಹೆಣ ಹೊರಲು ದಾರಿಯಿಲ್ಲದ ಊರಿನಲ್ಲಿ ಎರಡು ಪಕ್ಷಗಳ ನಡುವೆ ವ್ಯತ್ಯಾಸ ಕಾಣದಿರುವುದು ಕಣ್ಣಿನ ದೋಷವಲ್ಲ.

ಈ ಮೂವರಲ್ಲೂ ಒಳಗೆ ನಡೆಯುವ ಜಗಳ ಒಂದೇ. ಪಕ್ಷ ಪಕ್ಷಗಳ ನಡುವಿನ ಜಗಳ ಅದು ಅಂತ ಹೊರಗಿನವರು ತಿಳಿದಿದ್ದಾರೆ. ನಿಜಕ್ಕೂ ಅದು ನಿಯತ್ತಿಗೂ ನ್ಯಾಯಕ್ಕೂ ನಡುವಿನ ಜಗಳ.

‘ನಿಯತ್ತು’ ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಸಣ್ಣ ಮಾತಲ್ಲ. ನಿಯತ್ತಿನ ಆಳು ಅಂದರೆ ಧಣಿ ನಂಬುವ ಆಳು. ಉಂಡ ಮನೆ ಜಂತೆ ಎಣಿಸಬಾರದು ಅನ್ನುವ ಗಾದೆಯನ್ನು ನಮ್ಮ ಅಪ್ಪಂದಿರು ಎದೆಯಲ್ಲಿಟ್ಟುಕೊಂಡು ಬಾಳಿದರು. ಕಷ್ಟಕ್ಕೆ ಒಂದು ಪಲ್ಲ ರಾಗಿ ಕೊಟ್ಟ ಮನೆ, ಮಗಳ ಮದುವೆಗೆ ಸಾಲ ಕೊಟ್ಟ ಮನೆ, ಪೊಲೀಸರು ಹಿಡಿದಾಗ ಬಿಡಿಸಿಕೊಂಡು ಬಂದ ಮನೆ. ಆ ಮನೆಯವರು ಬಂದು ‘ನಮ್ಮವನಿಗೇ ಹಾಕಬೇಕು ಕಣೋ’ ಅಂದರೆ, ಇಲ್ಲ ಅನ್ನಲು ನಾಲಿಗೆ ಏಳುವುದಿಲ್ಲ. ಇದು ಬರೀ ಹೆದರಿಕೆಯಲ್ಲ ಅನ್ನುವುದನ್ನು ನಾವು ಒಪ್ಪಬೇಕು. ಅದರಲ್ಲಿ ಒಂದು ನೀತಿಯೂ ಇದೆ. ಮಾಡಿದ ಉಪಕಾರ ಮರೆಯಬಾರದು ಅನ್ನುವ ನೀತಿ. ಬಡವನ ಹತ್ತಿರ ಉಳಿದಿರುವ ದೊಡ್ಡ ಆಸ್ತಿ ಅದೇ. ಧಣಿ ಕೈಹಾಕುವುದೂ ಆ ಆಸ್ತಿಗೇ.

ಆದರೆ ಗಾದೆಯನ್ನು ಒಮ್ಮೆ ತಿರುಗಿಸಿ ಕೇಳಿ. ಉಂಡವರು ಯಾರು? ಯಾರ ಮನೆಯನ್ನು ಉಂಡರು? ಆ ಪಲ್ಲ ರಾಗಿಯನ್ನು ಬಿತ್ತಿದವರು, ಕಳೆ ಕಿತ್ತವರು, ಕೊಯ್ದವರು, ಬಡಿದವರು ಯಾರು? ತಲೆಮಾರುಗಳಿಂದ ಅರ್ಧ ಕೂಲಿಗೆ ದುಡಿದವರ ಬೆವರನ್ನು ಕಣಜಕ್ಕೆ ತುಂಬಿಕೊಂಡು, ಅದರಲ್ಲೇ ಒಂದು ಸೇರನ್ನು ಮರಳಿ ಕೊಟ್ಟು ‘ಋಣ’ ಅಂತ ಹೆಸರಿಟ್ಟರೆ ಅದು ಯಾರ ಋಣ? 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯಿದೆಯನ್ನು ತಿದ್ದಿ ಉಳುವವನಿಗೆ ಭೂಮಿ ಅಂದಾಗ ಗೇಣಿದಾರರಿಗೆ ಭೂಮಿ ಸಿಕ್ಕಿತು. ಗೇಣಿಗೂ ಯೋಗ್ಯರಲ್ಲ ಅಂತ ದೂರ ಇಟ್ಟಿದ್ದ ಕೂಲಿಯವರಲ್ಲಿ ಹೆಚ್ಚಿನವರು ಕೂಲಿಯವರಾಗಿಯೇ ಉಳಿದರು. 1976ರಲ್ಲಿ ಜೀತಪದ್ಧತಿಯನ್ನು ರದ್ದು ಮಾಡುವ ಕಾಯಿದೆ ಬಂತು. ಕಾಗದದ ಮೇಲಿನ ಜೀತ ಹರಿಯಿತು. ಮನಸ್ಸಿನ ಮೇಲೆ ಬರೆದ ಜೀತಪತ್ರ ಪ್ರತಿ ಚುನಾವಣೆಗೂ ಹೊರಗೆ ಬರುತ್ತದೆ. ಅದರ ಹೆಸರು ನಿಯತ್ತು.

ಈ ಜೀತಪತ್ರಕ್ಕೆ ಮೊಹರು ಒತ್ತುವುದು ಆಣೆ. ಓಟಿನ ಹಿಂದಿನ ರಾತ್ರಿ ದುಡ್ಡು ಕೊಟ್ಟು, ಮಾದಪ್ಪನ ಮೇಲೋ ಮಂಜುನಾಥನ ಮೇಲೋ ಆಣೆ ಹಾಕಿಸಿಕೊಳ್ಳುವುದು ಹಳೆಯ ಪದ್ಧತಿ. ಹಾಲು ಮುಟ್ಟಿಸುತ್ತಾರೆ, ದೀಪ ಮುಟ್ಟಿಸುತ್ತಾರೆ. ಮಾರನೆಯ ದಿನ ರಟ್ಟಿನ ಮರೆಯ ಹಿಂದೆ ನಿಂತಾಗ ಇವನನ್ನು ನೋಡುವವರು ಯಾರೂ ಇರುವುದಿಲ್ಲ. ದೇವರು ಮಾತ್ರ ಇರುತ್ತಾನೆ. ಎಷ್ಟೋ ಕೈಗಳು ಕೊನೆಗೆ ಅತ್ತ ಇತ್ತ ಆಗುವುದು ಈ ಗಳಿಗೆಯಲ್ಲೇ.

ಈ ಆಣೆ ಮುರಿದರೆ ತಪ್ಪೇ? ಇದು ನೀತಿಯ ಪ್ರಶ್ನೆ. ನಗೆಯಾಡಿ ತಳ್ಳಿಹಾಕುವಂಥದ್ದಲ್ಲ.

ಮಾತು ಕೊಡುವುದು ಅಂದರೆ ಇಬ್ಬರು ಸಮಾನವಾಗಿ ನಿಂತು ಮಾಡುವ ಕೆಲಸ. ಕೊಡದೇ ಇರುವ ಸ್ವಾತಂತ್ರ್ಯ ಇದ್ದವನು ಮಾತ್ರ ಮಾತು ಕೊಡಬಲ್ಲ. ಒಲ್ಲೆ ಅಂದರೆ ಕೂಲಿ ಹೋಗುತ್ತದೆ, ಸಾಲ ಮೈಮೇಲೆ ಬೀಳುತ್ತದೆ ಅನ್ನುವಾಗ ಬಾಯಿಂದ ಹೊರಟದ್ದು ಮಾತಲ್ಲ, ನರಳಿಕೆ. ಅಷ್ಟೇ ಅಲ್ಲ. ಯಾವ ದೇವರ ಗುಡಿಯೊಳಗೆ ಈ ಮನುಷ್ಯನ ಕಾಲು ಬಿದ್ದರೆ ಮೈಲಿಗೆ ಅಂತ ಊರು ಹೇಳುತ್ತದೋ, ಅದೇ ದೇವರ ಹೆಸರಿನಲ್ಲಿ ಇವನಿಂದ ಆಣೆ ತೆಗೆದುಕೊಳ್ಳುತ್ತದೆ. ಗುಡಿಯೊಳಗೆ ಬಿಡದ ದೇವರು ಓಟಿನ ದಿನ ಮಾತ್ರ ಕೇರಿಗೆ ಬಂದು ಸಾಕ್ಷಿ ನಿಲ್ಲುತ್ತಾನಂತೆ! ಅಂಥ ದೇವರ ಸಾಕ್ಷಿ ಯಾವ ನ್ಯಾಯಾಲಯದಲ್ಲೂ ನಿಲ್ಲಬಾರದು. ನಮ್ಮ ಎದೆಯೊಳಗಿನ ನ್ಯಾಯಾಲಯದಲ್ಲಂತೂ ನಿಲ್ಲಲೇಬಾರದು. ಬಲವಂತದ ಆಣೆಯನ್ನು ಮುರಿಯುವುದು ಪಾಪವಲ್ಲ. ಹಾಕಿಸಿಕೊಂಡದ್ದು ಪಾಪ.

ಹಾಗಾದರೆ ದುಡ್ಡು ತೆಗೆದುಕೊಂಡು ಬೇರೆಯವರಿಗೆ ಹಾಕುವುದೂ ಸರಿಯೇ? ‘ನಮ್ಮ ದುಡ್ಡೇ ಅಲ್ಲವಾ, ಈಸ್ಕಳಿ, ಓಟು ಮಾತ್ರ ಮನಸ್ಸಿಗೆ ಬಂದವರಿಗೆ ಹಾಕಿ’ ಅಂತ ಹೇಳುವ ಗೆಳೆಯರಿದ್ದಾರೆ. ಕಾನೂನಿನ ಪ್ರಕಾರ ಕೊಡುವವನೂ ತಪ್ಪಿತಸ್ಥ, ತೆಗೆದುಕೊಳ್ಳುವವನೂ ತಪ್ಪಿತಸ್ಥ. ಇಬ್ಬರ ತಪ್ಪೂ ಒಂದೇ ತೂಕದ್ದು ಅಂತ ನಾನು ಒಪ್ಪುವುದಿಲ್ಲ. ಆದರೂ ಆ ನೋಟನ್ನು ಮುಟ್ಟಬೇಡಿ ಅಂತ ಹೇಳಲು ಒಂದು ಕಾರಣವಿದೆ. ನೋಟು ಓಟನ್ನು ಕೊಳ್ಳುತ್ತದೆ ಅನ್ನುವುದು ಅರ್ಧ ಸತ್ಯ. ಮೂರು ಪಕ್ಷದವರ ಹತ್ತಿರವೂ ಈಸಿಕೊಂಡು ತನಗೆ ಬೇಕಾದವರಿಗೆ ಒತ್ತಿ ಬರುವ ಜಾಣತನ ನಮ್ಮ ಜನಕ್ಕೆ ಯಾವತ್ತೋ ಬಂದಿದೆ. ನೋಟು ನಿಜವಾಗಿ ಕೊಳ್ಳುವುದು ಮುಂದಿನ ಐದು ವರ್ಷದ ಬಾಯಿಯನ್ನು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಅಂತ ಕೇಳಲು ಹೋದರೆ ‘ಆವತ್ತೇ ಈಸ್ಕಂಡಿದ್ದೆಯಲ್ಲೋ, ಇನ್ನೇನು ಕೇಳೋಕೆ ಬಂದೆ?’ ಅನ್ನುವ ಮಾತು ಕಾದಿರುತ್ತದೆ. ಓಟು ಮಾರಾಟವಾಗದಿದ್ದರೂ ಪ್ರಶ್ನೆ ಮಾರಾಟವಾಯಿತು. ಅಷ್ಟು ಸೋವಿಯಾಗಿ ಬೇರೆ ಯಾವ ವಸ್ತುವೂ ಈ ದೇಶದಲ್ಲಿ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ವಂಚನೆಯ ಮಾತನ್ನು ಬಿಡಿಸಿ ನೋಡಬೇಕು. ಗ್ಯಾಸಿಗೆ, ಅಕ್ಕಿಗೆ, ಬಸ್ಸಿಗೆ, ತಿಂಗಳ ಎರಡು ಸಾವಿರಕ್ಕೆ ಓಟು ಹಾಕುತ್ತಾರೆ. ಬಿಟ್ಟಿ ಆಸೆಗೆ ಮನಸ್ಸು ಬದಲಾಯಿಸುತ್ತಾರೆ ಅಂತ ಬಡವರನ್ನು ಹಂಗಿಸುವುದು ಈಗ ಓದಿದವರ ಬಾಯಿಪಾಠವಾಗಿದೆ. ತೆರಿಗೆ ಇಳಿಸುತ್ತೇವೆ ಅಂದವರಿಗೆ ಓಟು ಹಾಕುವ ಸಂಬಳದವನು ಆರ್ಥಿಕ ಚಿಂತಕ. ಸಾಲಮನ್ನಾ ಮಾಡಿಸಿಕೊಂಡ ಉದ್ಯಮಿ ದೇಶ ಕಟ್ಟುವವನು. ಅಕ್ಕಿ ಕೊಟ್ಟವರಿಗೆ ಓಟು ಹಾಕಿದ ವಿಧವೆ ಮಾತ್ರ ಬಿಟ್ಟಿ ಕೂಳಿನವಳು. ರಾತ್ರಿ ಬಾಗಿಲು ತಟ್ಟಿ ಕೊಟ್ಟ ನೋಟಿಗೂ ಹಗಲಲ್ಲಿ ಹೇಳಿ, ಆದೇಶ ಹೊರಡಿಸಿ, ಎಲ್ಲರಿಗೂ ಕೊಟ್ಟ ಅಕ್ಕಿಗೂ ಇರುವ ವ್ಯತ್ಯಾಸ ದೊಡ್ಡದು. ನೋಟು ಬಾಯಿ ಮುಚ್ಚಿಸುತ್ತದೆ. ಹಕ್ಕಾಗಿ ಬಂದ ಅಕ್ಕಿ ಒಂದು ತಿಂಗಳು ತಪ್ಪಿದರೆ ಜನ ಸೊಸೈಟಿ ಮುಂದೆ ನಿಂತು ಕೂಗುತ್ತಾರೆ. ಹಾಗೆ ಕೂಗಲು ಬಿಡುವುದು ಹಕ್ಕು, ಬಿಡದಿರುವುದು ಭಿಕ್ಷೆ. ಹೊಟ್ಟೆ ನೋಡಿಕೊಂಡು ತೀರ್ಮಾನ ಮಾಡುವುದು ಕೀಳಲ್ಲ. ಹೊಟ್ಟೆ ತುಂಬಿದವರು ಯಾವತ್ತೂ ಅದನ್ನೇ ಮಾಡುತ್ತಾ ಬಂದಿದ್ದಾರೆ.

‘ವೋಟ್ ಬ್ಯಾಂಕ್’ ಅನ್ನುವ ಬೈಗುಳದ ಕತೆಯೂ ಇಂಥದ್ದೇ. ಆ ಮಾತನ್ನು ಬಳಕೆಗೆ ತಂದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, 1955ರಲ್ಲಿ, ನಮ್ಮದೇ ಮೈಸೂರು ಸೀಮೆಯ ಒಂದು ಹಳ್ಳಿಯ ಅಧ್ಯಯನದಿಂದ. ತನ್ನ ಆಳುಕಾಳುಗಳ ಓಟನ್ನು ಕೈಯಲ್ಲಿಟ್ಟುಕೊಂಡು ಬೇಕಾದವರಿಗೆ ಕೊಡಿಸಬಲ್ಲ ಊರಿನ ದೊಡ್ಡವನು ಅವರ ಕಣ್ಣಿಗೆ ಬಿದ್ದಿದ್ದ. ಅಂದರೆ ಬ್ಯಾಂಕಿಗೆ ಒಬ್ಬ ಯಜಮಾನನಿದ್ದ. ಇವತ್ತು ಯಜಮಾನನ ಹೆಸರು ಅಳಿಸಿಹೋಗಿ, ಠೇವಣಿಯಾಗಿ ಬಿದ್ದಿದ್ದವರ ಮೇಲೆ ಮಾತ್ರ ಆ ಮಾತು ಉಳಿದಿದೆ. ಕಳ್ಳನನ್ನು ಬಿಟ್ಟು ಕಳುವಾದ ಮಾಲಿಗೆ ಬಯ್ಯುವ ಭಾಷೆ ಇದು.

ಆ ಬ್ಯಾಂಕಿನ ಬೀಗ ಒಡೆದದ್ದು ಗುಟ್ಟಿನ ಓಟು. ಅಂಬೇಡ್ಕರ್ 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತಾಧಿಕಾರ ಬೇಕು ಅಂತ ಕೇಳಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಕೊಟ್ಟ ಎಚ್ಚರಿಕೆ ನಮಗೆಲ್ಲ ಗೊತ್ತು. ರಾಜಕೀಯದಲ್ಲಿ ಸಮಾನತೆ, ಸಮಾಜದಲ್ಲಿ ಮತ್ತು ಹೊಟ್ಟೆಪಾಡಿನಲ್ಲಿ ಅಸಮಾನತೆ. ಈ ವೈರುಧ್ಯವನ್ನು ಬೇಗ ಕಳೆಯದಿದ್ದರೆ ನೊಂದವರು ಈ ಮನೆಯನ್ನೇ ಉರುಳಿಸುತ್ತಾರೆ ಅಂದಿದ್ದರು. ಅವರು ಹೇಳಿದ ವೈರುಧ್ಯ ಎಲ್ಲೋ ಆಕಾಶದಲ್ಲಿಲ್ಲ. ಓಟು ಹಾಕಲು ನಿಂತ ಕೂಲಿಯವನ ಎದೆಯಲ್ಲಿದೆ. ಮರೆಯ ಈಚೆ ಅವನು ಆಳು, ಮರೆಯ ಆಚೆ ಪ್ರಜೆ. ನಾಲ್ಕು ಹೆಜ್ಜೆಯಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬೇಕು. 1952ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಮರೆಯೊಳಗೆ ಹೋಗಿ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕಿತ್ತು. ಅಕ್ಷರ ಬಾರದವರ ಪಾಲಿಗೆ, ಯಾರೂ ಇಣುಕಿ ನೋಡದ ಅಷ್ಟಗಲ ಜಾಗ ಈ ದೇಶದ ಚರಿತ್ರೆಯಲ್ಲೇ ಮೊದಲ ಸಲ ಸಿಕ್ಕಿತು.

ಆ ಮರೆಯ ಬೆಲೆ ಗೊತ್ತಾಗಬೇಕಾದರೆ ಅದು ಇಲ್ಲದ ಕಡೆ ಏನಾಗುತ್ತದೆ ಅನ್ನುವುದನ್ನು ನೋಡಬೇಕು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿಗಳು ತಿರುಗಿ ಬಿದ್ದಿದ್ದರು. 2014ರಲ್ಲಿ ಹೈಕೋರ್ಟೂ ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಾಕ್ಷಿ ಹೇಳುವವನಿಗೆ ಮರೆಯಿಲ್ಲ. ಎಲ್ಲರೆದುರು ಬೆರಳು ತೋರಿಸಿ ಹೇಳಿ, ಅದೇ ಊರಿಗೆ ಮರಳಿ, ಅದೇ ಬೀದಿಯಲ್ಲಿ ನಡೆಯಬೇಕು. ಹಗಲಲ್ಲಿ ಬಾಯಿ ಬಿಟ್ಟು ನಿಜ ಹೇಳಲಾಗದ ಊರುಗಳಲ್ಲಿ ಕೂಡ ಅದೇ ಜನ ಮರೆಯ ಹಿಂದೆ ಬೆರಳು ಒತ್ತಿ ದೊಡ್ಡ ದೊಡ್ಡವರನ್ನು ಸೋಲಿಸಿದ್ದಾರೆ.

ಆದರೆ ಈ ಮರೆಯೂ ಪೂರ್ತಿ ಮರೆಯಲ್ಲ. ಒಬ್ಬನ ಓಟು ಗುಟ್ಟು. ಕೇರಿಯ ಓಟು ಬಯಲು. ಎಣಿಕೆ ಮತಗಟ್ಟೆವಾರು ನಡೆಯುತ್ತದೆ, ಯಾವ ಮತಗಟ್ಟೆಯಲ್ಲಿ ಯಾರಿಗೆಷ್ಟು ಅನ್ನುವ ಲೆಕ್ಕ ಪ್ರಕಟವಾಗುತ್ತದೆ. ಕೇರಿಗೇ ಒಂದು ಮತಗಟ್ಟೆ ಇದ್ದ ಕಡೆ ಇಡೀ ಕೇರಿಯ ಮನಸ್ಸು ಸಂಜೆಯೊಳಗೆ ಗೌಡರ ಜಗಲಿಗೆ ತಲುಪುತ್ತದೆ. ಆಮೇಲೆ ರಸ್ತೆಗೆ ಜಲ್ಲಿ ಬೀಳುವುದಿಲ್ಲ, ಬೋರಿನ ಮೋಟಾರು ರಿಪೇರಿಯಾಗುವುದಿಲ್ಲ. ಮತಪತ್ರದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದಮೇಲೆ ಅದು ಹೋಯಿತು. ಹಲವು ಯಂತ್ರಗಳ ಮತಗಳನ್ನು ಒಟ್ಟಿಗೆ ಕೂಡಿ ತೋರಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗವೇ 2008ರಲ್ಲಿ ಕೇಳಿತು; ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಅದು ಜಾರಿಗೆ ಬರಲಿಲ್ಲ. ಯಾವ ಕೇರಿ ತಮಗೆ ಓಟು ಹಾಕಲಿಲ್ಲ ಅಂತ ತಿಳಿದುಕೊಳ್ಳುವ ಸುಖವನ್ನು ಬಿಡಲು ಯಾವ ಪಟ್ಟಭದ್ರರಿಗೆ ಮನಸ್ಸಿದ್ದೀತು? ಬೀದಿಗಿಳಿದು ಕೇಳಬೇಕಾದ ಬೇಡಿಕೆಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಒತ್ತಡದ ನಡುವೆ, ಕೊನೆಗೆ ಆ ಮನಸ್ಸು ತೀರ್ಮಾನ ಮಾಡುವುದು ಯಾವುದರಿಂದ? ಭಾಷಣದಿಂದಲ್ಲ. ನೆನಪಿನಿಂದ. ಬೆಂಕಿ ಬಿದ್ದಾಗ ಯಾರು ಬಂದರು? ಠಾಣೆಯಲ್ಲಿ ದೂರು ಬರೆದುಕೊಳ್ಳದೆ ಕಳಿಸಿದಾಗ ಯಾರು ಜೊತೆಗೆ ಬಂದು ನಿಂತರು? ಹಕ್ಕುಪತ್ರ ಯಾರ ಕಾಲದಲ್ಲಿ ಕೈಗೆ ಬಂತು? ಹಾಸ್ಟೆಲಿನಲ್ಲಿ ಮಗನಿಗೆ ಸೀಟು ಸಿಕ್ಕಿದ್ದು ಹೇಗೆ? ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದಕ್ಕೆ ಅಕ್ಷರ ಬೇಕಾಗಿಲ್ಲ. ಇದು ಯಾವ ವಿದ್ವಾಂಸನ ವಿಚಾರಕ್ಕೂ ಕಡಿಮೆಯಾದ ವಿಚಾರವೂ ಅಲ್ಲ.

ನಮ್ಮ ಜನ ಹೀಗೆ ಬಿಡಿಬಿಡಿಯಾಗಿ ತೂಗಬಲ್ಲರು ಅನ್ನುವುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ, ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. 1985ರ ಮಾರ್ಚ್‌ನಲ್ಲಿ ಅದೇ ಜನ ವಿಧಾನಸಭೆಗೆ ಜನತಾ ಪಕ್ಷದ 139 ಜನರನ್ನು ಕಳಿಸಿದರು. ಮೂರು ತಿಂಗಳೂ ತುಂಬಿರಲಿಲ್ಲ. ದೆಹಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಒಂದು ಲೆಕ್ಕ. ಯಾರನ್ನು ಮಂದೆ ಅಂತ ಕರೆಯುತ್ತಾರೋ ಆ ಮಂದಿ ಮಾಡಿದ ಲೆಕ್ಕ ಇದು.

ಕಾನೂನು ಕೂಡ ಕೊನೆಯ ತೂಗಾಟಕ್ಕೆ ಸಮಯ ಇಟ್ಟಿದೆ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ಮಾಡುವಂತಿಲ್ಲ, ಹೆಂಡ ಮಾರುವಂತಿಲ್ಲ. ಮತದಾರ ಸದ್ದಿಲ್ಲದೆ ಯೋಚಿಸಲಿ ಅಂತ. ಆ 48 ಗಂಟೆಯಲ್ಲಿ ಮೈಕು ಬಾಯಿ ಮುಚ್ಚುತ್ತದೆ, ಹೆಂಡದಂಗಡಿ ಬಾಗಿಲು ಮುಚ್ಚುತ್ತದೆ, ಹಿತ್ತಿಲ ಬಾಗಿಲು ತೆರೆಯುತ್ತದೆ. ಯೋಚನೆಗೆ ಅಂತ ಇಟ್ಟ ರಾತ್ರಿಯನ್ನೇ ನೋಟು, ಸೀಸೆ, ಆಣೆಗಳು ಕದ್ದುಕೊಳ್ಳುತ್ತವೆ. ಬಡವನ ಯೋಚನೆಯ ಸಮಯವನ್ನು ಕದಿಯುವುದು ಅವನ ಕೂಲಿ ಕದ್ದಷ್ಟೇ ದೊಡ್ಡ ಕಳವು.

ಹೆಣ್ಣುಮಕ್ಕಳ ಸ್ಥಿತಿ ಇನ್ನೊಂದು ಸುತ್ತು ಬಿಗಿ. ಊರಿನ ಧಣಿ ಹೊರಗೆ, ಮನೆಯ ಧಣಿ ಒಳಗೆ. ಮೊದಲ ಚುನಾವಣೆಯ ಹೊತ್ತಿಗೆ ಉತ್ತರದ ರಾಜ್ಯಗಳಲ್ಲೇ ಹೆಚ್ಚಾಗಿ, ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬಿಟ್ಟರೆ ಸ್ವಂತ ಹೆಸರನ್ನು ಅವರು ಹೇಳಲಿಲ್ಲ. ಹೆಸರು ಹೇಳಲಾಗದಲ್ಲಿಂದ, ಗಂಡ ಹೇಳಿದ ಗುರುತನ್ನು ಬಿಟ್ಟು ತನ್ನ ಗುರುತು ಒತ್ತುವವರೆಗೆ ನಮ್ಮ ಅವ್ವಂದಿರು ನಡೆದು ಬಂದಿದ್ದಾರೆ. ‘ಅವರು ಹೇಳ್ದಂಗೇ ಹಾಕ್ತೀನಿ’ ಅಂತ ಸೆರಗು ಬಾಯಿಗಿಟ್ಟು ಹೇಳಿದವಳ ಓಟು ಎಲ್ಲಿಗೆ ಹೋಯಿತು ಅನ್ನುವುದು ಅವಳಿಗೆ ಮಾತ್ರ ಗೊತ್ತು. ಮನೆಯಲ್ಲಿ ಸ್ವಾತಂತ್ರ್ಯ ಕೊಡದೆ ಬೀದಿಯಲ್ಲಿ ಕ್ರಾಂತಿ ಕೂಗುವ ನಮ್ಮಂಥ ಗಂಡಸರು ಇದನ್ನು ಸ್ವಲ್ಪ ನಾಚಿಕೆಯಿಂದಲೇ ಕೇಳಿಸಿಕೊಳ್ಳಬೇಕು.

ಇನ್ನು ಮೀಸಲು ಕ್ಷೇತ್ರದ ಮಾತು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಿಂದ ಈಚೆಗೆ ಪ್ರತ್ಯೇಕ ಮತಕ್ಷೇತ್ರದ ದಾರಿ ಮುಚ್ಚಿತು. ನಿಲ್ಲುವವರು ನಮ್ಮವರು, ಆರಿಸುವವರು ಎಲ್ಲರೂ. ಕರ್ನಾಟಕದ 224 ಕ್ಷೇತ್ರಗಳಲ್ಲಿ 36 ಪರಿಶಿಷ್ಟ ಜಾತಿಗೆ ಮೀಸಲು. ಅಲ್ಲಿ ಕೇರಿಯವನ ಮುಂದೆ ಇಬ್ಬರು ಮೂವರು ತನ್ನವರೇ ಕೈಮುಗಿದು ನಿಂತಿರುತ್ತಾರೆ. ಅವರಲ್ಲಿ ಯಾರು ಗೆದ್ದರೂ ಗೆಲ್ಲಿಸಿದ್ದು ಊರಿನ ಓಟು ಅನ್ನುವುದು ಗೆದ್ದವನಿಗೂ ಗೊತ್ತು. ಸ್ವತಃ ಬಾಬಾಸಾಹೇಬರೇ 1952ರಲ್ಲಿ ಉತ್ತರ ಮುಂಬಯಿಯಲ್ಲಿ, 1954ರಲ್ಲಿ ಭಂಡಾರದಲ್ಲಿ ಸೋತರು. ಎಡಗೈ ಬಲಗೈ ಅಂತ ನಮ್ಮನ್ನು ನಾವೇ ಹಂಚಿಕೊಂಡಿರುವುದು ಇದಕ್ಕೆ ಸೇರಿಕೊಂಡಿದೆ. ಒಳಮೀಸಲಾತಿಯ ನ್ಯಾಯ ಕೇಳಿ ಮಾದಿಗ ಬಂಧುಗಳು ಎಷ್ಟು ವರ್ಷ ಕಾದರು! ಸದಾಶಿವ ಆಯೋಗ ರಚನೆಯಾದದ್ದು 2005ರಲ್ಲಿ, ವರದಿ ಕೊಟ್ಟದ್ದು 2012ರಲ್ಲಿ, ರಾಜ್ಯಗಳು ಒಳವರ್ಗೀಕರಣ ಮಾಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟ್ 1ರಂದು. ಅಷ್ಟು ಚುನಾವಣೆಗಳಲ್ಲಿ ಅವರು ‘ನೋಡೋಣ’ ಅಂದದ್ದರಲ್ಲಿ ಏನು ತಪ್ಪಿದೆ? ತಮ್ಮ ಪಾಲನ್ನು ಯಾರೂ ನೋಡದಿದ್ದಾಗ ಅವರಾದರೂ ನೋಡಬೇಕಲ್ಲ.

‘ನಮ್ಮೊಂದು ಓಟಿನಿಂದ ಏನಾದೀತು ಬಿಡಿ’ ಅನ್ನುವವರಿಗೆ ಒಂದು ಮೀಸಲು ಕ್ಷೇತ್ರದ ಕತೆ ಹೇಳಬೇಕು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟಿನ ಅಂತರ. ಆ ದಿನ ಕೂಲಿಗೆ ಹೋಗಿ ತಡವಾದವನು, ಮರೆಯ ಹಿಂದೆ ಬೆರಳು ಅತ್ತಿತ್ತ ಮಾಡಿದವನು, ಮೈ ಸರಿಯಿಲ್ಲ ಅಂತ ಮಲಗಿದವಳು, ಎಲ್ಲರೂ ಆ ಒಂದು ಓಟಿನೊಳಗಿದ್ದಾರೆ.

ಯಾರೂ ಬೇಡ ಅನ್ನುವವರಿಗೂ ಈಗ ಒಂದು ಗುಂಡಿ ಇದೆ. 2013ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ‘ನೋಟಾ’ ಇಡಬೇಕು ಅಂತ ಹೇಳಿತು. ಅದಕ್ಕೆ ಮುಂಚೆ ಯಾರಿಗೂ ಹಾಕುವುದಿಲ್ಲ ಅನ್ನುವವನು ಅಧಿಕಾರಿಯ ಮುಂದೆ ನಿಂತು ಹಾಗಂತ ಹೇಳಿ ಪುಸ್ತಕದಲ್ಲಿ ಬರೆಸಬೇಕಿತ್ತು. ಊರಿನ ಏಜೆಂಟರು ಪಕ್ಕದಲ್ಲೇ ಕೂತಿರುವಾಗ ಕೇರಿಯ ಯಾವನು ಹಾಗೆ ಬರೆಸಿಯಾನು? ಹಾಗಾಗಿ ನೋಟಾ ಒಂದು ಗೆಲುವೇ. ಆದರೆ ಅದಕ್ಕೆ ಎಲ್ಲರಿಗಿಂತ ಹೆಚ್ಚು ಓಟು ಬಿದ್ದರೂ ಶಾಸಕನಾಗುವವನು ಅಭ್ಯರ್ಥಿಗಳಲ್ಲಿ ಮುಂದಿರುವವನೇ. ಕೊನೆಯವರೆಗೂ ತೀರ್ಮಾನ ಮಾಡದವನು ಯಾರ ಕಡೆಯೂ ಇಲ್ಲ ಅಂದುಕೊಳ್ಳುತ್ತಾನೆ. ನಿಜದಲ್ಲಿ ಅವನು ಈಗಾಗಲೇ ಕುರ್ಚಿಯಲ್ಲಿ ಕೂತವರ ಕಡೆ ಇದ್ದಾನೆ. ಅನುಮಾನಕ್ಕೆ ಹಕ್ಕಿದೆ, ಅದಕ್ಕೆ ಒಂದು ಕೊನೆಯೂ ಇರಬೇಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಸಂಘಟನೆಯವರೂ ಒಂದು ಚಾಳಿ ಬಿಡಬೇಕು. ಕೇರಿಗೆ ಹೋಗಿ ‘ಇಂಥವರಿಗೇ ಹಾಕಿ’ ಅಂತ ಅಪ್ಪಣೆ ಕೊಡಿಸಿ ಬಂದರೆ ಗೌಡರ ಜಾಗದಲ್ಲಿ ನಾವು ಕೂತಂತಾಯಿತು, ಅಷ್ಟೇ. ಯಜಮಾನ ಬದಲಾದರೆ ಜೀತ ಹೋಗುವುದಿಲ್ಲ. ಕೇರಿಯ ಮರದ ಕೆಳಗೆ, ಹಗಲಲ್ಲೇ, ಗಂಡಸರೂ ಹೆಂಗಸರೂ ಕೂತು ಅನುಮಾನಗಳನ್ನು ಬಾಯಿಬಿಟ್ಟು ಆಡುವಂತಾಗಬೇಕು. ಯಾರು ಏನು ಮಾಡಿದರು, ಯಾರು ಯಾವಾಗ ಕೈಕೊಟ್ಟರು, ಯಾವ ಋಣ ನಿಜವಾದದ್ದು, ಯಾವುದು ಸುಳ್ಳು ಋಣ ಅಂತ ಲೆಕ್ಕ ಹಾಕಬೇಕು. ಆಮೇಲೆ ಒಬ್ಬೊಬ್ಬರೂ ಒಳಗೆ ಹೋಗಿ ತಮಗೆ ತೋಚಿದ್ದನ್ನು ಒತ್ತಲಿ. ಒಟ್ಟಿಗೆ ಯೋಚಿಸಿ ಒಂಟಿಯಾಗಿ ತೀರ್ಮಾನಿಸುವುದು. ನಿಯತ್ತನ್ನು ಕೇಳುವ ಧಣಿಗೆ ಎದುರಾಗಿ ನಿಲ್ಲಬಲ್ಲ ಬೇರೆ ಬಲ ನಮಗಿಲ್ಲ.

ನಿಜ ಹೇಳಲು ಮರೆ ಬೇಕಾದ ಊರು ಒಳ್ಳೆಯ ಊರಲ್ಲ. ಹಗಲೆಲ್ಲ ಸುಳ್ಳಾಡಿ ಒಂದು ಗಳಿಗೆ ರಟ್ಟಿನ ಹಿಂದೆ ನಿಜವಾಗುವ ಬಾಳು ಯಾವ ಮನುಷ್ಯನಿಗೂ ಬೇಡ. ಕೂಲಿಯವನು ಧಣಿಯ ಮುಖ ನೋಡಿ ‘ನಾನಿನ್ನೂ ತೀರ್ಮಾನ ಮಾಡಿಲ್ಲ, ಮಾಡಿದ ಮೇಲೂ ನಿಮಗೆ ಹೇಳಲ್ಲ’ ಅಂತ ಅನ್ನಬೇಕು. ಮಾರನೆಯ ದಿನ ಅದೇ ತೋಟದಲ್ಲಿ ಅವನ ಕೂಲಿ ಕೆಲಸ ಉಳಿದಿರಬೇಕು. ಆ ದಿನ ಬರುವತನಕ ಆ ರಟ್ಟಿನ ಮರೆಯನ್ನು ಕಾಯಬೇಕು; ಅದರಾಚೆಗಿನ ಊರನ್ನು ಬದಲಿಸುವ ಕೆಲಸವನ್ನೂ ಬಿಡಬಾರದು. ‘ನೋಡೋಣ ಬುದ್ಧಿ’ ಅನ್ನುವ ಮಾತಿನಲ್ಲಿ ತಪ್ಪಿರುವುದು ‘ನೋಡೋಣ’ ಅನ್ನುವುದರಲ್ಲಲ್ಲ. ನೋಡಬೇಕಾದ್ದೇ. ಹೋಗಬೇಕಾಗಿರುವುದು ಆ ‘ಬುದ್ಧಿ’.